ಒಂದು ಸೆಂಟರ್ ಇಷ್ಟು ಚೆನ್ನಾಗಿ ನಡೀತಿದೆಯಲ್ಲ, ಇನ್ನೂ ಹತ್ತು ಯಾಕೆ ತೆಗೀಬಾರ್ದು?

ನಮ್ಮ ಶನಿವಾರದ ಕ್ಲಾಸ್ ನೋಡೋಕೆ ಯಾರೇ ಬರ್ಲಿ, ಹೊರಡೋವಾಗ ಬಾಗಿಲ ಹತ್ರ ನಿಂತು ಇದನ್ನೇ ಕೇಳ್ತಾರೆ. ಬಾಡಿಗೆ ಹಾಲ್, ಎಂಟು ಕಂಪ್ಯೂಟರ್, ಎರಡು ಡಬ್ಬ ತುಂಬಾ ವೈರು ಎಲ್ಇಡಿ ಬ್ಯಾಟರಿ, ಸುತ್ತಮುತ್ತ ಕೂಲಿಗೆ ಮನೆಕೆಲಸಕ್ಕೆ ಹೋಗೋರ ಮಕ್ಕಳು. ನೋಡಿದ್ರೆ ಸಿಂಪಲ್ಲಾಗೇ ಕಾಣತ್ತೆ, ಹತ್ತು ಮಾಡೋದೇನು ಮಹಾ ಅಂತ ಅನ್ಸೋದು ತಪ್ಪಲ್ಲ.

ಕಂಪ್ಯೂಟರ್ ಕೊಡೋರು ಸಿಗ್ತಾರೆ ಸ್ವಾಮಿ. ಆಫೀಸಲ್ಲಿ ಹಳೇದಾಗಿರೋದನ್ನ ಸಾಗಹಾಕೋಕೆ ಜನ ಕಾಯ್ತಿರ್ತಾರೆ, ಹಂಗೆ ಬಂದಿದ್ರಲ್ಲಿ ಅರ್ಧ ಆನ್ ಆಗೋದೇ ಇಲ್ಲ ಅದು ಬೇರೆ ಮಾತು, ಆನ್ ಆಗದೇ ಇರೋದನ್ನ ಬಿಚ್ಚಿ ಒಳಗೇನಿದೆ ನೋಡೋದೇ ನಮ್ಮ ಹುಡುಗರಿಗೆ ಹಬ್ಬ. ಸಿಗದೇ ಇರೋದು ಶನಿವಾರ ಬಂದು, ಮುಂದಿನ ಶನಿವಾರಾನೂ ಬಂದು, ಮಳೆ ಬಂದ್ರೂ ಬರೋ ಜನ.

ಮಷೀನ್ ಹಂಚಿದ್ರೆ ಸಾಕು ಅನ್ನೋದನ್ನ ಪೆರು ದೇಶ ದೊಡ್ಡದಾಗೇ ಮಾಡಿ ನೋಡಿದೆ. 'ಪ್ರತಿ ಮಗುವಿಗೆ ಒಂದು ಲ್ಯಾಪ್‌ಟಾಪ್' ಯೋಜನೇಲಿ ಅಲ್ಲಿ ಹಂಚಿದ್ದು 8 ಲಕ್ಷಕ್ಕೂ ಹೆಚ್ಚು. 2012ರಲ್ಲಿ ಅದರ ಅಧ್ಯಯನ ಬಂತು, 319 ಹಳ್ಳಿ ಶಾಲೆಗಳದ್ದು. ಗಣಿತದಲ್ಲೂ ಭಾಷೆಯಲ್ಲೂ ಏನೂ ವ್ಯತ್ಯಾಸ ಕಾಣ್ಲಿಲ್ಲ, ತರ್ಕದ ಕೆಲವು ಪರೀಕ್ಷೆಗಳಲ್ಲಿ ಮಾತ್ರ ಸ್ವಲ್ಪ ಮುಂದಿದ್ರು. ಅದು ಹಳ್ಳಿ ನಮ್ದು ಸಿಟಿ, ಸರಿ, ಆದ್ರೂ ಲ್ಯಾಪ್‌ಟಾಪ್ ಪಕ್ಕದಲ್ಲಿ ಯಾರೂ ಕೂರದೇ ಇದ್ರೆ ಏನಾಗತ್ತೆ ಅಂತ ಗೊತ್ತಾಗೋಕೆ ಅಷ್ಟು ಸಾಕು.

ಇನ್ನೊಂದು ಕಡೆ ಅಮೆರಿಕದ ಬಾಸ್ಟನ್ ಇದೆ. ಅಲ್ಲಿನ ಕಂಪ್ಯೂಟರ್ ಮ್ಯೂಸಿಯಂನಲ್ಲಿ ರಜೆಯಲ್ಲಿ ಒಂದು ವರ್ಕ್‌ಶಾಪ್ ಮಾಡಿದ್ರು, ಅದು ಮುಗಿದ ಮೇಲೂ ಅಕ್ಕಪಕ್ಕದ ಬಡ ಮಕ್ಕಳು ವಾಪಸ್ ಬಂದು ಮತ್ತೆ ಯಾವಾಗ ಅಂತ ಕೇಳೋಕೆ ಶುರು ಮಾಡಿದ್ರು. ಆಮೇಲೆ 1993ರಲ್ಲಿ ಆ ಮ್ಯೂಸಿಯಂನ ನಟಾಲಿ ರಸ್ಕ್ ಮತ್ತು ಅಲ್ಲೇ ಹತ್ರದ ಎಂಐಟಿ ವಿಶ್ವವಿದ್ಯಾಲಯದ ಮಿಚೆಲ್ ರೆಸ್ನಿಕ್ ಸೇರಿ 'ಕಂಪ್ಯೂಟರ್ ಕ್ಲಬ್‌ಹೌಸ್' ಶುರು ಮಾಡಿದ್ರು. ಶಾಲೆ ಬಿಟ್ಟ ಮೇಲೆ ಬಂದು ಏನ್ ಬೇಕೋ ಮಾಡು, ಪಕ್ಕದಲ್ಲಿ ದೊಡ್ಡೋರು ಇರ್ತಾರೆ, ಮಾರ್ಕ್ಸ್ ಇಲ್ಲ. ಅಲ್ಲಿ ಮಕ್ಕಳು ಗೇಮು ಕಾರ್ಟೂನು ಮಾಡೋಕೆ ಒದ್ದಾಡೋದನ್ನ ನೋಡಿ ನೋಡಿನೇ ಅದೇ ರೆಸ್ನಿಕ್ ತಂಡ 2007ರಲ್ಲಿ ಸ್ಕ್ರಾಚ್ ಕೊಟ್ಟಿದ್ದು, ಬಣ್ಣದ ಬ್ಲಾಕ್ ಜೋಡ್ಸಿ ಮಕ್ಕಳೇ ಪ್ರೋಗ್ರಾಂ ಬರೆಯೋ ಸಾಫ್ಟ್‌ವೇರ್. ಈಗ ನಾವು ಫ್ರೀಯಾಗಿ ಹಾಕ್ಕೊಂಡಿರೋದೂ ಅದನ್ನೇ, ಇಂಟರ್ನೆಟ್ ಇಲ್ಲದೇನೂ ಓಡತ್ತೆ ಅನ್ನೋದೇ ನಮಗೆ ದೊಡ್ಡ ಪುಣ್ಯ.

ಆ 'ಪಕ್ಕದಲ್ಲಿ ಇರೋ ದೊಡ್ಡೋರು' ಅನ್ನೋದು ಎಷ್ಟು ಕಷ್ಟ ಅಂತ ಹೇಳ್ತೀನಿ ಕೇಳಿ. ಒಂದು ಹುಡುಗಿ, ಏಳನೇ ಕ್ಲಾಸು, ತಮ್ಮನ್ನ ನೋಡ್ಕೊಳ್ಳೋಕೆ ಮನೇಲಿ ಯಾರೂ ಇಲ್ಲ ಅಂತ ಅವನ್ನೂ ಕರ್ಕೊಂಡೇ ಬರ್ತಿದ್ಲು. ಬ್ಯಾಟರಿಗೆ ರೆಸಿಸ್ಟರ್ (ಕರೆಂಟ್ ಜಾಸ್ತಿ ಹರೀದ ಹಾಗೆ ತಡೆಯೋ ಚಿಕ್ಕ ಬಿಡಿಭಾಗ), ರೆಸಿಸ್ಟರ್‌ಗೆ ಎಲ್ಇಡಿ, ಎಲ್ಲಾ ಸರಿಯಾಗೇ ಜೋಡ್ಸಿದಾಳೆ, ಉರೀತಿಲ್ಲ. ಹೊಸ ವಾಲಂಟಿಯರ್, ಇಂಜಿನಿಯರ್ ಬೇರೆ, ಕೈ ಹಾಕಿ ಸರಿ ಮಾಡೋಕೆ ಹೋದ್ರು, ನಾನು ತಡೆದೆ, ಮಗು ಕೈಲಿರೋದನ್ನ ಕಿತ್ಕೋಬಾರ್ದು ಅನ್ನೋದು ನಮ್ಮಲ್ಲಿರೋ ಒಂದೇ ರೂಲ್ಸು. ಹತ್ತು ನಿಮಿಷ ಆಯ್ತು. ಬ್ಯಾಟರಿ ಬದಲಾಯ್ಸಿದ್ಲು, ವೈರ್ ಬದಲಾಯ್ಸಿದ್ಲು, ಕೊನೆಗೆ "ಅಣ್ಣಾ, ಇದರ ಒಂದು ಕಾಲು ಉದ್ದ ಯಾಕಿದೆ?" ಅಂದ್ಲು. ಆ ಉದ್ದದ ಕಾಲೇ ಪ್ಲಸ್ಸಿಗೆ ಹೋಗ್ಬೇಕಾಗಿದ್ದು. ತಿರುಗ್ಸಿದ್ಲು, ಉರೀತು, ತಮ್ಮ ಕಿರುಚಿದ. ಸುಮ್ನೆ ಕೂತು ಆ ಹತ್ತು ನಿಮಿಷ ತಡ್ಕೊಳ್ಳೋದನ್ನ ಇಂಜಿನಿಯರ್‌ಗೆ ಕಲ್ಸೋಕೆ ನಮಗೆ ಮೂರು ತಿಂಗಳು ಹಿಡೀತು. (ಅವರು ಓದಿದ್ರೆ ನಗ್ತಾರೆ.)

ಇಂಥೋರನ್ನ ಹತ್ತು ಸೆಂಟರ್‌ಗೆ ಎಲ್ಲಿಂದ ತರೋದು? ಹೊರಗಿಂದ ಬರೋ ವಾಲಂಟಿಯರ್‌ಗಳು ಒಳ್ಳೇವ್ರೇ, ಆದ್ರೆ ಕೆಲಸ ಬದಲಾಗತ್ತೆ, ಮದುವೆ ಆಗತ್ತೆ, ಊರು ಬಿಡ್ತಾರೆ. ನಾವು ಕಂಡ್ಕೊಂಡಿರೋ ದಾರಿ ಅಂದ್ರೆ ಇಲ್ಲೇ ಕಲಿತ ದೊಡ್ಡ ಮಕ್ಕಳನ್ನೇ ಕಲ್ಸೋಕೆ ಕೂರ್ಸೋದು, ಪುಕ್ಕಟೆ ಅಲ್ಲ, ದುಡ್ಡು ಕೊಟ್ಟು. ಯಾಕಂದ್ರೆ ಆ ವಯಸ್ಸಿಗೆ ಅವ್ರ ಮನೇಲಿ ಶನಿವಾರ ಅಂಗಡಿ ಕೆಲ್ಸಕ್ಕೆ ಹೋದ್ರೆ ಎಷ್ಟು ಸಿಗತ್ತೆ ಅಂತ ಲೆಕ್ಕ ಹಾಕ್ತಿರ್ತಾರೆ, ಸೇವೆ ಮಾಡು ಅಂತ ಅವ್ರಿಗೆ ಹೇಳೋಕೆ ನಮಗ್ಯಾವ ಬಾಯಿ.

ದುಡ್ಡು ಕೊಡೋರ ಜೊತೆ ನನ್ನ ಜಗಳಾನೂ ಇದೇ. ತ್ರೀಡಿ ಪ್ರಿಂಟರ್ ಕೇಳಿ, ಖುಷಿಯಾಗಿ ಕೊಡ್ತಾರೆ, ಫೋಟೋ ಚೆನ್ನಾಗಿ ಬರತ್ತೆ. ಕಲಿಸೋರಿಗೆ ಸಂಬಳ ಅಂದ್ರೆ ಮುಖ ಸಣ್ಣ ಆಗತ್ತೆ. ರಿಪೋರ್ಟಲ್ಲಿ ಎಷ್ಟು ಸಾವಿರ ಮಕ್ಕಳನ್ನ ತಲುಪಿದ್ರಿ ಅಂತ ಒಂದು ಕಾಲಂ ಇರತ್ತೆ, ಒಂದೇ ಮಗು ಎಷ್ಟು ಶನಿವಾರ ವಾಪಸ್ ಬಂತು ಅನ್ನೋಕೆ ಕಾಲಮ್ಮೇ ಇಲ್ಲ. ನಾನು ಅದನ್ನ ರಿಪೋರ್ಟ್ ಕೊನೇಲಿ ಪೆನ್ನಲ್ಲಿ ಬರೆದು ಕಳಿಸ್ತೀನಿ.

ಅಂದಹಾಗೆ ಹತ್ತು ಇಲ್ದಿದ್ರೂ ಎರಡನೇದು ಬರ್ತಿದೆ. ಎರಡು ಬೀದಿ ಆಚೆ ಲೈಬ್ರರಿಯವ್ರು ವಾರಕ್ಕೊಂದು ಸಂಜೆ ರೂಮ್ ಕೊಡ್ತೀವಿ ಅಂದಿದಾರೆ. ನಡೆಸೋದು ಆ ಎಲ್ಇಡಿ ಹುಡುಗಿನೇ, ಈಗ ಕಾಲೇಜು. ಪರೀಕ್ಷೆ ಮುಗೀಲಿ ಅಂತ ಕಾಯ್ತಿದೀವಿ, ಅಲ್ಲಿಗಂತ ಒಂದು ಡಬ್ಬ ಈಗ್ಲೇ ತುಂಬಿಟ್ಟಿದಾಳೆ, ಕರೆಂಟ್ ಅಳೆಯೋ ನಮ್ಮ ಮಲ್ಟಿಮೀಟರ್ ಕೂಡ ಅದರೊಳಗೇ ಹೋಗಿದೆ, ವಾಪಸ್ ಕೇಳಿದ್ರೆ ಕೊಡ್ತಿಲ್ಲ.