ನೆಟ್ಟಗೆ ಕೂತರೂ ಹೋಗದ ಸೊಂಟ ನೋವು

ನಾನು ಡಿಟಿಪಿ ಕೆಲಸ ಮಾಡೋದು, 14 ವರ್ಷ ಆಯ್ತು. ಲಗ್ನಪತ್ರಿಕೆ, ಬಿಲ್ ಬುಕ್, ಪುಸ್ತಕದ ಪೇಜ್ ಸೆಟ್ಟಿಂಗ್ ಎಲ್ಲಾ. ಮದುವೆ ಸೀಸನ್ ಬಂತು ಅಂದ್ರೆ ಬೆಳಿಗ್ಗೆ ಒಂಬತ್ತೂವರೆಗೆ ಕೂತೋನು ಏಳೋದು ಮಧ್ಯಾಹ್ನ ಎರಡೂವರೆಗೆ ಊಟಕ್ಕೇನೇ. ಹೋದ ವರ್ಷ ಇಂಥದ್ದೇ ಸೀಸನ್ನಲ್ಲಿ ಒಂದಿನ ಮನೇಲಿ 20 ಲೀಟರ್ ನೀರಿನ ಕ್ಯಾನ್ ಬಗ್ಗಿ ಎತ್ತಿ ಸ್ಟ್ಯಾಂಡ್ ಕಡೆ ಸ್ವಲ್ಪ ತಿರುಗಿದೆ ಅಷ್ಟೇ, ಸೊಂಟದಲ್ಲಿ ಚಳಕ್ ಅಂತು, ಕ್ಯಾನ್ ಅಲ್ಲೇ ಬಿಟ್ಟು ಅಡುಗೆಮನೆ ಕಟ್ಟೆ ಹಿಡ್ಕೊಂಡು ನಿಂತೋನಿಗೆ ಅರ್ಧ ಗಂಟೆ ಒಂದು ಹೆಜ್ಜೆ ಇಡೋಕಾಗ್ಲಿಲ್ಲ.

ಅಮ್ಮ ಉಳುಕಿದೆ ಅಂತ ನೀಲಗಿರಿ ಎಣ್ಣೆ ಹಚ್ಚಿ ಶಾಖ ಕೊಟ್ರು, ಹಾಯಾಗಿತ್ತು. ಆದ್ರೆ ಆಮೇಲೆ ಎಂಟು ದಿನ ಮಲಗಿಬಿಟ್ಟೆ ನೋಡಿ, ಅದೇ ತಪ್ಪಾಗಿದ್ದು. ಮಲಗಿದಷ್ಟೂ ಸೊಂಟ ಬಿಗೀತಾ ಹೋಯ್ತು, ಮಗ್ಗುಲು ಬದಲಾಯಿಸೋಕೂ ಭಯ. ಎಂಆರ್‌ಐ ಮಾಡಿಸಿದ್ರೆ ಎಲ್4-ಎಲ್5 ಹತ್ರ, ಅಂದ್ರೆ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆ ನಡುವೆ, ಡಿಸ್ಕ್ (ಮೂಳೆಗಳ ಮಧ್ಯೆ ಇರೋ ಮೆತ್ತೆ) ಉಬ್ಬಿದೆ ಅಂತ ಬಂತು. ರಾತ್ರಿಯೆಲ್ಲಾ ನಿದ್ದೆ ಇಲ್ಲ, ಮುಗೀತು ನನ್ನ ಕೆಲಸ ಅಂತ.

ಫಿಸಿಯೋಥೆರಪಿ ಮೇಡಂ ಆ ರಿಪೋರ್ಟ್ ಪಕ್ಕಕ್ಕಿಟ್ಟು "ಎಲ್ಲಿ, ಸ್ವಲ್ಪ ನಡೆದು ತೋರಿಸಿ" ಅಂದ್ರು. ಸೊಂಟ ನೋವೇ ಇಲ್ಲದೋರಿಗೆ ಸ್ಕ್ಯಾನ್ ಮಾಡಿದ್ರೂ ಎಷ್ಟೋ ಜನರಿಗೆ ಡಿಸ್ಕ್ ಉಬ್ಬಿರೋದು ಕಾಣುತ್ತಂತೆ. 1994ರಲ್ಲಿ ಅಮೆರಿಕದಲ್ಲಿ ನೋವಿಲ್ಲದ 98 ಜನರನ್ನ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದು ಇತ್ತು. ಇದು ಕೇಳಿದ್ಮೇಲೆ ನನಗೆ ಅರ್ಧ ಜೀವ ಬಂತು, ನಿಜವಾಗ್ಲೂ.

ಅಷ್ಟರಲ್ಲಿ ನಾನು ಸೊಂಟ ನೋವಿನ ಬೆಲ್ಟ್ ಕಟ್ಕೊಂಡು ಕೋಲು ನುಂಗಿದವರ ಥರ ನೆಟ್ಟಗೆ ಕೂತು ಕೆಲಸ ಶುರು ಮಾಡಿದ್ದೆ. ಸಂಜೆ ಹೊತ್ತಿಗೆ ಬೆನ್ನೆಲ್ಲಾ ಸೆಳೆತ, ನೆಟ್ಟಗೇ ಕೂತಿದೀನಲ್ಲ ಯಾಕೆ ಹೀಗೆ ಅಂತ ಅರ್ಥವೇ ಆಗ್ತಿರಲಿಲ್ಲ. ಮೇಡಂ ಹೇಳಿದ್ದು, ಡಿಸ್ಕ್ ಒಳಗೆ ರಕ್ತನಾಳ ಇರಲ್ಲ, ಸುತ್ತಮುತ್ತಲಿಂದ ನೀರು, ಪೋಷಣೆ ಒಳಗೆ ಇಳೀಬೇಕು, ನಾವು ಓಡಾಡಿದ್ರೆ, ಬಾಗಿದ್ರೆ ಅದು ಸ್ಪಂಜ್ ಥರ ಹಿಂಡಿ ಹೀರ್ಕೊಳ್ಳುತ್ತೆ. ಒಂದೇ ಭಂಗಿಲಿ ಗಂಟೆಗಟ್ಟಲೆ ಕೂತ್ರೆ ಅದು ಎಷ್ಟೇ ಒಳ್ಳೇ ಭಂಗಿ ಆಗ್ಲಿ, ಬೆನ್ನಿಗೆ ಸಾಕಾಗಿ ಹೋಗುತ್ತೆ. ಬೆಲ್ಟ್‌ನೂ ಬಿಡಿಸಿದ್ರು. ತುಂಬಾ ದಿನದ ಸೊಂಟ ನೋವಿಗೆ ಅದನ್ನ ಮಾಮೂಲಾಗಿ ಕೊಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆನೂ 2023ರಲ್ಲಿ ಹೇಳಿದೆ.

ಹಾಗಂತ ಕೂರೋದನ್ನ ಸರಿ ಮಾಡ್ಕೊಳ್ಳೋದು ಬೇಡ ಅಂತಲ್ಲ. ಮಾನಿಟರ್ ಕೆಳಗೆ ಎರಡು ರೀಮ್ ಎ4 ಪೇಪರ್ ಇಟ್ಟೆ, ಕತ್ತು ಬಗ್ಗಿಸೋದು ತಪ್ತು. ಸೊಂಟದ ಹಿಂದೆ ಸುತ್ತಿದ ಟವೆಲ್, ಕಾಲ ಕೆಳಗೆ ಮನೆಯಿಂದ ತಂದ ಊಟದ ಮಣೆ. ಆದ್ರೆ ನನಗೆ ಎಲ್ಲಕ್ಕಿಂತ ಉಪಯೋಗ ಆಗಿದ್ದು ಪ್ರಿಂಟರ್‌ನ ಪಕ್ಕದ ರೂಮಿಗೆ ಹಾಕಿದ್ದು! ಮುಂಚೆ ಕೈ ಚಾಚಿದ್ರೆ ಪ್ರೂಫ್ ಸಿಗ್ತಿತ್ತು, ಈಗ ಪ್ರತಿ ಸಲ ಎದ್ದು ಹೋಗ್ಬೇಕು, ಅಲ್ಲೇ ಕಟಿಂಗ್ ಟೇಬಲ್ ಹತ್ರ ನಿಂತ್ಕೊಂಡೇ ಪ್ರೂಫ್ ನೋಡಿ, ಒಂದೆರಡು ಸಲ ಸೊಂಟಕ್ಕೆ ಕೈ ಕೊಟ್ಟು ಹಿಂದಕ್ಕೆ ಬಾಗಿ ಬರ್ತೀನಿ. ಪ್ರಿಂಟ್ ಇಲ್ಲದ ದಿನ ಫೋನಲ್ಲಿ ಅರ್ಧ ಗಂಟೆಗೊಂದು ಅಲಾರಂ.

ಬೆಳಿಗ್ಗೆ 20 ನಿಮಿಷ ವಾಕಿಂಗ್, ಆಮೇಲೆ ಚಾಪೆ ಮೇಲೆ ಮಾರ್ಜಾಲಾಸನ (ಬೆಕ್ಕಿನ ಥರ ಕೈ-ಮಂಡಿ ಊರಿ ಬೆನ್ನು ಮೇಲೆ ಕೆಳಗೆ ಬಾಗಿಸೋದು), ಸೇತುಬಂಧಾಸನ (ಅಂಗಾತ ಮಲಗಿ ಸೊಂಟ ಮೇಲೆತ್ತೋದು). ಶುರುವಿನಲ್ಲಿ ಸ್ವಲ್ಪ ನೋಯ್ತಿತ್ತು, ಅದಕ್ಕೆ ಹೆದರಿ ಬಿಡಬೇಡಿ ಅಂದಿದ್ರು, ಬಿಡಲಿಲ್ಲ. ಸರಿ ಹೋಗೋಕೆ ಮೂರು ತಿಂಗಳು ಹಿಡೀತು.

ಒಂದು ಮಾತ್ರ ದಯವಿಟ್ಟು ನೆನಪಿಡಿ, ಕಾಲಲ್ಲಿ ಶಕ್ತಿ ಕಮ್ಮಿ ಆಗ್ತಿದ್ರೆ, ತೊಡೆ ಸಂದಿ ಹತ್ರ ಜೋಮು ಹಿಡಿದ್ರೆ, ಮೂತ್ರ ಹಿಡಿತಕ್ಕೆ ಸಿಗದೆ ಹೋದ್ರೆ ವ್ಯಾಯಾಮ ಅಂತ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಓಡಿ. ನೋವಿನ ಜೊತೆ ಜ್ವರ ಇದ್ರೂ ಡಾಕ್ಟ್ರಿಗೆ ತೋರಿಸಿ.

ಮೊನ್ನೆ ಬೆಂಗಳೂರಿಂದ ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋದೆ. ಮುಂಚೆ ಆಗಿದ್ರೆ ಸೀಟಲ್ಲಿ ಕುಗ್ಗಿ ನಿದ್ದೆ ಹೊಡೀತಿದ್ದೆ. ಈ ಸಲ ತಿಪಟೂರು, ಅರಸೀಕೆರೆ, ಕಡೂರು, ಬಸ್ ನಿಂತಲ್ಲೆಲ್ಲಾ ಇಳಿದು ಬಸ್ ಸುತ್ತ ಎರಡು ರೌಂಡ್ ಹಾಕ್ತಿದ್ದೆ, ಕಂಡಕ್ಟರ್ ಅಂತೂ ಕಡೂರಲ್ಲಿ "ಸಾರ್ ಬಂದ್ರಾ, ಹೊರಡೋಣ್ವಾ" ಅಂತ ಕೇಳೇ ವಿಷಲ್ ಹಾಕಿದ್ರು.