ಟಿಕ್ ಹಾಕಿದ್ದೆ, ಕವರ್ ತೆಗೆದಿರಲಿಲ್ಲ

ಫ್ಲೈಯಿಂಗ್ ಸ್ಕೂಲೊಂದರ ಹ್ಯಾಂಗರ್‌ನಲ್ಲಿ ಟೆಕ್ನೀಷಿಯನ್ ಆಗಿ ನನ್ನದು ಐದನೇ ವರ್ಷ. ಬೆಳಗಿನ ಇನ್ಸ್‌ಪೆಕ್ಷನ್ ಪಟ್ಟಿ ಬಾಯಿಪಾಠ ಆಗಿಬಿಟ್ಟಿತ್ತು. ಅವತ್ತು ಅರ್ಧ ಮುಗಿಸಿದ್ದೆ, ಪಕ್ಕದ ವಿಮಾನದ ಟೈರ್ ಬದಲಿಸೋಕೆ ಬಾ ಅಂತ ಕರೆದರು. ಹೋಗಿ ಬಂದವನು ಉಳಿದ ಸಾಲುಗಳಿಗೆಲ್ಲ ಒಟ್ಟಿಗೇ ಟಿಕ್ ಹಾಕಿ ಸಹಿ ಮಾಡಿದೆ.

ಪಿಟೋ ಟ್ಯೂಬಿನ ಕೆಂಪು ಕವರ್ ಹಾಗೇ ಇತ್ತು. ರೆಕ್ಕೆ ಕೆಳಗಿನ ಆ ಸಣ್ಣ ಕೊಳವೆಗೆ ಗಾಳಿ ಹೋಗದಿದ್ದರೆ ವಿಮಾನದ ವೇಗ ಎಷ್ಟು ಅಂತ ಮೀಟರ್ ತೋರಿಸುವುದಿಲ್ಲ. ಹತ್ತುವ ಮುಂಚೆ ವಿಮಾನದ ಸುತ್ತ ಬಂದ ಇನ್‌ಸ್ಟ್ರಕ್ಟರ್ ಅದನ್ನು ನೋಡಿ, ಬಿಚ್ಚಿ ತಂದು ನನ್ನ ಕೈಗಿಟ್ಟರು. ಬೈಯಲಿಲ್ಲ. ನನಗೆ ಕೈ ನಡುಗುತ್ತಿತ್ತು.

"ಕೆಲಸ ಚೆನ್ನಾಗಿ ಗೊತ್ತಿದ್ದಕ್ಕೇ ಹೀಗಾಯ್ತು ಕಣಪ್ಪಾ" ಅಂದರು ನಮ್ಮ ಸೀನಿಯರ್. ಆಮೇಲೆ ಕೂರಿಸಿಕೊಂಡು ಹಳೆಯದೊಂದು ಘಟನೆ ಹೇಳಿದರು.

1935ರ ಅಕ್ಟೋಬರ್ 30. ಅಮೆರಿಕದ ಓಹಾಯೋದ ರೈಟ್ ಫೀಲ್ಡ್. ಬೋಯಿಂಗ್ ಕಂಪನಿಯ ಹೊಸ ನಾಲ್ಕು ಎಂಜಿನ್ ವಿಮಾನ, ಮಾಡೆಲ್ 299. ಹಾರಿಸಲು ಕೂತವರು ಮೇಜರ್ ಪ್ಲೋಯರ್ ಹಿಲ್, ಅಲ್ಲಿನ ಫ್ಲೈಟ್ ಟೆಸ್ಟ್ ವಿಭಾಗದ ಮುಖ್ಯಸ್ಥರು. ಒಳಗೆ ಲೆಸ್ ಟವರ್ ಕೂಡ ಇದ್ದರು, ಆ ವಿಮಾನವನ್ನು ಮೊದಲ ಸಲ ಹಾರಿಸಿದ್ದ ಟೆಸ್ಟ್ ಪೈಲಟ್. ಇವರಿಗಿಂತ ಅನುಭವ ಯಾರಿಗಿತ್ತು? ನಿಂತ ವಿಮಾನದ ಬಾಲದ ಭಾಗಗಳು ಗಾಳಿಗೆ ಬಡಿದುಕೊಳ್ಳದಿರಲಿ ಅಂತ ಹಾಕುವ ಗಸ್ಟ್ ಲಾಕ್ ಬಿಚ್ಚುವುದು ಮರೆತುಹೋಗಿತ್ತು. ಆ ಭಾಗಗಳು ಅಲುಗದೆ ವಿಮಾನ ಮೂತಿ ಎತ್ತಿ ಏರಿತು, ಸ್ಟಾಲ್ ಆಗಿ, ಅಂದರೆ ರೆಕ್ಕೆಗೆ ಎತ್ತಿಹಿಡಿಯುವ ಬಲ ಸಾಲದೆ, ಬಿತ್ತು, ಹೊತ್ತಿಕೊಂಡಿತು. ಹಿಲ್ ಅದೇ ದಿನ ತೀರಿಕೊಂಡರು, ಟವರ್ ಕೆಲವು ದಿನಗಳ ಮೇಲೆ.

ಆಮೇಲೆ ಪೈಲಟ್‌ಗಳು ಒಂದು ಪಟ್ಟಿ ಮಾಡಿಕೊಂಡರು. ಎಲ್ಲರಿಗೂ ಗೊತ್ತಿದ್ದ ವಿಷಯಗಳೇ, ಆದರೂ ಪ್ರತಿ ಸಲ ಓದಬೇಕು. ಅದೇ ವಿಮಾನ ಮುಂದೆ ಬಿ-17 ಬಾಂಬರ್ ಆಯಿತು, 12,000ಕ್ಕೂ ಜಾಸ್ತಿ ತಯಾರಾದವು.

ಬೆಂಗಳೂರಿನ ಸುರಂಜನ್ ದಾಸ್ ರೋಡ್ ನನಗೆ ಅಷ್ಟು ದಿನ ಸುಮ್ನೆ ಒಂದು ವಿಳಾಸ ಆಗಿತ್ತು. 1961ರ ಜೂನ್ 17ರಂದು ಎಚ್‌ಎಎಲ್‌ನ ಮಾರುತ್ ಯುದ್ಧ ಜೆಟ್ ಮೊದಲ ಸಲ ಹಾರಿದಾಗ ಅದನ್ನು ಹಾರಿಸಿದ ಟೆಸ್ಟ್ ಪೈಲಟ್ ಈ ಸುರಂಜನ್ ದಾಸ್ ಅವರೇ. 1970ರಲ್ಲಿ ಮಾರುತ್‌ನ ಪರೀಕ್ಷಾ ಹಾರಾಟದಲ್ಲೇ ತೀರಿಕೊಂಡರು. ಈಗ ಆ ಬೋರ್ಡ್ ಕಂಡಾಗ ಬೈಕ್ ತಾನಾಗೇ ನಿಧಾನವಾಗುತ್ತದೆ.

ಪಟ್ಟಿಯನ್ನು ಈಗ ಜೋರಾಗಿ ಓದುತ್ತೇನೆ. ಪ್ರತಿಯೊಂದನ್ನೂ ಮುಟ್ಟಿದ ಮೇಲೇ ಟಿಕ್. ಮಧ್ಯೆ ಯಾರಾದರೂ ಕರೆದರೆ ವಾಪಸ್ ಬಂದು ಮೊದಲ ಸಾಲಿನಿಂದ ಶುರು. ಕಲಿಯುವ ಹುಡುಗರು ಹೆಡ್‌ಸೆಟ್ ಹಿಡಿದು ಕಾಯುತ್ತಾ ನಿಂತಿರುತ್ತಾರೆ. "ಸ್ವಲ್ಪ ತಾಳಿ" ಅಂತೇನೆ.