ಬಸವನ ಬಾಯಿಯ ನೀರು, ಎರಡು ಜಡೆಯ ನೆರಳು

ಕಳೆದ ವಾರ ಹಳೆಯ ಟ್ರಂಕನ್ನು ಖಾಲಿ ಮಾಡುತ್ತಿದ್ದಾಗ, ನಿವೃತ್ತಿಯ ಕಾಗದಪತ್ರಗಳ ಅಡಿಯಲ್ಲಿ, ಕೋಲಾರದ ಬೆಟ್ಟದ ಮೇಲಿನ ಅಂತರಗಂಗೆ ದೇವಸ್ಥಾನದಲ್ಲಿ ತೆಗೆದ ನನ್ನ ಹೆಂಡತಿಯ ಫೋಟೊ ಸಿಕ್ಕಿತು. ಹೆಂಡತಿ ಎಂದು ಬರೆಯುವ ಅಧಿಕಾರ ನನಗೀಗ ಇಲ್ಲ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಇಬ್ಬರೂ ಒಪ್ಪಿ ಅರ್ಜಿ ಹಾಕಿ, ಕಾನೂನು ಹೇಳಿದ ಆರು ತಿಂಗಳು ಕಾದು, ಬೇರೆಯಾಗಿ ಬಹಳ ಕಾಲವಾಯಿತು. ಆದರೂ ಆ ಪಟದಲ್ಲಿರುವವಳನ್ನು ಬೇರೆ ಏನೆಂದು ಕರೆಯಬೇಕೋ ನನಗೆ ತೋಚುತ್ತಿಲ್ಲ.

ಕಲ್ಲಿನ ಬಸವನ ಬಾಯಿಂದ ಬೀಳುವ ನೀರಿಗೆ ಬೊಗಸೆ ಒಡ್ಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕ್ಯಾಮೆರಾದ ಕಡೆ ತಿರುಗಿ ಅವಳು ನಗುತ್ತಿದ್ದಾಳೆ. ಹಿಂಬದಿಯಲ್ಲಿ ಅವಳದೇ ದುಂಡು ಅಕ್ಷರದಲ್ಲಿ 1991ರ ಒಂದು ಭಾನುವಾರದ ತಾರೀಖು ಇದೆ. ಒಂದು ಸಂಜೆ ಇಬ್ಬರೇ ಬೆಟ್ಟ ಹತ್ತಿದಾಗ ನಾನೇ ತೆಗೆದ ಪಟವಿದು ಎಂದು ಇಷ್ಟು ವರ್ಷ ನಂಬಿದ್ದೆ. ಕೇಳಿದವರಿಗೆಲ್ಲ ಹಾಗೆಯೇ ಹೇಳಿಕೊಂಡೂ ಬಂದಿದ್ದೆ.

ನಾನು ಇದೇ ಜಿಲ್ಲೆಯಲ್ಲಿ ಅಪರಾಧ ವಿಭಾಗದ ಸಬ್ ಇನ್ಸ್‌ಪೆಕ್ಟರ್ ಆಗಿದ್ದವನು. ರೀಲಿನ ಕ್ಯಾಮೆರಾಗಳ ಆ ಕಾಲದಲ್ಲಿ ನ್ಯಾಯಾಲಯಕ್ಕೆ ಫೋಟೊ ಕೊಟ್ಟರೆ ಅದರ ನೆಗೆಟಿವ್ ಎಲ್ಲಿ, ತೆಗೆದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ತೆಗೆದವನು ಕಟಕಟೆಗೆ ಬಂದು ಹೌದೆನ್ನಬೇಕಿತ್ತು. ಊರವರ ಪಟಗಳಿಗೆಲ್ಲ ಕೇಳಿದ ಆ ಪ್ರಶ್ನೆಯನ್ನು ಈ ಒಂದು ಪಟಕ್ಕೆ ನಾನು ಒಮ್ಮೆಯೂ ಕೇಳಿರಲಿಲ್ಲ. ಈ ಸಲ ಕಿಟಕಿಯ ಬಳಿ ಕೂತು ಭೂತಗನ್ನಡಿ ಹಿಡಿದು ನೋಡಿದೆ.

ಮೊದಲು ಕಣ್ಣಿಗೆ ಬಿದ್ದದ್ದು ಬಿಸಿಲು. ಅಂತರಗಂಗೆಯಿರುವ ಶತಶೃಂಗ ಬೆಟ್ಟ ಕೋಲಾರ ಊರಿನ ಪಶ್ಚಿಮಕ್ಕಿದೆ. ಊರ ಕಡೆಯ ಇಳಿಜಾರಿನಲ್ಲಿರುವ ಆ ದೇವಸ್ಥಾನಕ್ಕೆ ಸಂಜೆಯಾಗುವ ಮೊದಲೇ ಬೆಟ್ಟದ ನೆರಳು ಕವಿಯುತ್ತದೆ. ಅವಳ ಮುಖದ ಮೇಲೆ ಬಿದ್ದಿರುವುದೋ ಎಳೆಯ, ನೇರವಾದ ಬಿಸಿಲು. ಅದು ಬೆಳಗಿನ ಹೊತ್ತು. ಪಟದ ಕೆಳಗಿನ ಅಂಚಿನಲ್ಲಿ, ಒದ್ದೆ ಮೆಟ್ಟಿಲಿನ ಮೇಲೆ, ಕ್ಯಾಮೆರಾ ಹಿಡಿದವರ ನೆರಳೂ ಇತ್ತು. ತಲೆಯ ಎರಡೂ ಬದಿಗೆ, ಮಡಚಿ ರಿಬ್ಬನ್ ಕಟ್ಟಿದ ಜಡೆಗಳು. ಆಗ ಹೈಸ್ಕೂಲಿನಲ್ಲಿದ್ದ, ರಜೆಗೆಂದು ನಮ್ಮ ಮನೆಗೆ ಬಂದಿದ್ದ ನನ್ನ ನಾದಿನಿಯ ನೆರಳು ಅದು.

ಹಾಗಾದರೆ ನಾನೆಲ್ಲಿದ್ದೆ? ಅದೇ ಟ್ರಂಕಿನಲ್ಲಿದ್ದ ನನ್ನ ಜೇಬು ಡೈರಿಯಲ್ಲಿ ಆ ತಾರೀಖಿಗೆ ಉತ್ತರವಿತ್ತು: ಹುಳು ಮನೆಯೊಂದರಲ್ಲಿ ರೇಷ್ಮೆಗೂಡಿನ ಕಳವು, ಬೆಳಿಗ್ಗೆ ಸ್ಥಳ ಮಹಜರು, ಸಂಜೆಯವರೆಗೆ ಸಾಕ್ಷಿಗಳ ಹೇಳಿಕೆ. ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗಳು ಖಾಲಿಯಾಗಿದ್ದು, ಅವನ್ನು ಎಣಿಸಿದ್ದು, ಬಿಕ್ಕಿ ಬಿಕ್ಕಿ ಅತ್ತ ಆ ಮನೆಯ ಯಜಮಾನ, ಎಲ್ಲವೂ ಇಂದಿಗೂ ನೆನಪಿದೆ. ಹೊರಡುವಾಗ ಬಾಗಿಲಲ್ಲಿ ಅವಳು ಏನಂದಳೆಂಬುದು ಮಾತ್ರ ನೆನಪಿಲ್ಲ. ಆಗ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 172ನೇ ಕಲಮಿನಂತೆ ತನಿಖಾಧಿಕಾರಿಯು ಮಾಹಿತಿ ಬಂದ ಗಳಿಗೆ, ತನಿಖೆ ತೊಡಗಿದ ಮತ್ತು ಮುಗಿಸಿದ ಗಳಿಗೆ, ಹೋದ ಜಾಗ, ಎಲ್ಲವನ್ನೂ ಕೇಸ್ ಡೈರಿಯಲ್ಲಿ ದಿನದಿನವೂ ಬರೆದಿಡಬೇಕಿತ್ತು, ಮತ್ತು ನಾನು ಒಂದು ದಿನವನ್ನೂ ಬಿಡದೆ ಬರೆದೆ. ಮನೆಗೆ ಹೋದ ಹೊತ್ತನ್ನು ಬರೆಯಲು ಆ ಪುಟಗಳಲ್ಲಿ ಜಾಗವಿರಲಿಲ್ಲ. ಕೆಲಸವೇ ನಮ್ಮ ಸಂಸಾರವನ್ನು ಕೆಡಿಸಿತೆಂದು ನಾನು ಹೇಳುವುದಿಲ್ಲ, ಏಕೆಂದರೆ ಅದೇ ಠಾಣೆಯಲ್ಲಿ ಅದೇ ಕೆಲಸ ಮಾಡುತ್ತಲೇ ರಾತ್ರಿ ಮನೆಯವರೊಂದಿಗೆ ಕೂತು ಮುದ್ದೆ ಉಣ್ಣುತ್ತಿದ್ದ ದಫೇದಾರರು ನನ್ನ ಕಣ್ಣೆದುರೇ ಇದ್ದರು.

ನಾದಿನಿಯೊಂದಿಗೆ ಮಾತು ಪೂರ್ತಿ ನಿಂತಿರಲಿಲ್ಲ. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾಳೆ. ಈ ಸಲ ನಾನೇ ಮಾಡಿ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು ಭಾವ, ನಾನೇ ತೆಗೆದದ್ದು. ರೀಲಿನಲ್ಲಿ ಎರಡು ಪಟ ಉಳಿಸು, ಅವರು ಬಂದರೂ ಬಂದಾರು ಅಂತ ಅಕ್ಕ ಹೇಳಿದ್ದಳು. ಮಧ್ಯಾಹ್ನದವರೆಗೂ ಕಲ್ಯಾಣಿ ಹತ್ತಿರವೇ ಕೂತಿದ್ದೆವು" ಎಂದಳು. ನಾನೇ ತೆಗೆದೆನೆಂದು ನಾನು ಎಲ್ಲರೆದುರು ಹೇಳುತ್ತಿದ್ದಾಗ ಪಕ್ಕದಲ್ಲಿದ್ದ ಅಕ್ಕ ಏಕೆ ತಿದ್ದಲಿಲ್ಲವೆಂದು ಕೇಳಬೇಕೆನಿಸಿತು, ಆದರೆ ಬಾಯಿ ಬರಲಿಲ್ಲ.

ರಾತ್ರಿ ಪಟವನ್ನು ತಿರುಗಿಸಿ, ಅವಳು ಬರೆದ ತಾರೀಖಿನ ಕೆಳಗೆ ನಾನೂ ಎರಡು ಸಾಲು ಬರೆದೆ: ಪಟ ತೆಗೆದವರು ನಾದಿನಿ. ನಾನು ಸ್ಥಳದಲ್ಲಿ ಇರಲಿಲ್ಲ.